ಎರಾ5: ಪುಕ್ಕಟೆ ಸಿಗುವ ಹವಾಮಾನ ದತ್ತಾಂಶವನ್ನು ಎಷ್ಟು ನಂಬಬಹುದು?

ಗಣಿತ, ಸಂಖ್ಯಾಶಾಸ್ತ್ರ ಅಥವಾ ಡೇಟಾ ಸೈನ್ಸ್ ಓದಿಕೊಂಡು ಸುಸ್ಥಿರತೆಯ ಸಂಶೋಧನೆಗೆ ಬರುವವರು ಯಾವ ಸಮಸ್ಯೆ ಕೈಗೆತ್ತಿಕೊಂಡರೂ, ಅದು ಪವನ ವಿದ್ಯುತ್ತಾಗಲಿ, ನೀರಾವರಿಯಾಗಲಿ, ಬಿಸಿಗಾಳಿಯಾಗಲಿ, ಸೌರ ಘಟಕಕ್ಕೆ ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬ ಲೆಕ್ಕವಾಗಲಿ, ಶುರುವಿನಲ್ಲೇ ಎದುರಾಗುವ ಹೆಸರು ಎರಾ5, ಅಂದರೆ ಇಡೀ ಭೂಮಿಯ ಕಳೆದ ದಶಕಗಳ ಹವಾಮಾನವನ್ನು ಗಂಟೆಗಂಟೆಗೆ ಕೊಡುವ ದತ್ತಾಂಶ. ಗೈಡ್ ಹೇಳುತ್ತಾರೆ, ಓದಿದ ಪೇಪರುಗಳಲ್ಲಿ ಅರ್ಧಕ್ಕರ್ಧ ಅದನ್ನೇ ಬಳಸಿರುತ್ತವೆ, ಡೌನ್‌ಲೋಡ್‌ಗೆ ಕಾಸು ಕೊಡಬೇಕಾಗಿಲ್ಲ. ಹಾಗಾಗಿ ಹೆಚ್ಚು ಯೋಚಿಸದೆ ಎಲ್ಲರೂ ತೆಗೆದುಕೊಳ್ಳುತ್ತಾರೆ. ಈ ವಿಮರ್ಶೆ ಆ ದತ್ತಾಂಶದ ಬಗ್ಗೆ, ಅದನ್ನು ಹಂಚುವ ಕ್ಲೈಮೇಟ್ ಡೇಟಾ ಸ್ಟೋರ್ ಎಂಬ ಸೇವೆಯ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡೋಣ. ಇಷ್ಟು ವಿಸ್ತಾರವಾದ, ಇಷ್ಟು ಅಚ್ಚುಕಟ್ಟಾದ ಸರಕು ಪುಕ್ಕಟೆಯಾಗಿ ಸಿಗುವುದು ಅಪರೂಪ. ಆದರೆ ಇದು ಅಳತೆಯಲ್ಲ, ಅಳತೆಗಳ ನೆರವಿನಿಂದ ಮಾದರಿಯೊಂದು ಕೊಟ್ಟ ಅಂದಾಜು. ಎಲ್ಲೂ ಖಾಲಿ ಜಾಗವಿಲ್ಲ, ಎಲ್ಲ ಗಂಟೆಗೂ ಒಂದು ಸಂಖ್ಯೆ ಇದೆ, ಆ ಸಂಖ್ಯೆಗೆ ಆರು ದಶಮಾಂಶ ಸ್ಥಾನವೂ ಇದೆ. ಅಪಾಯ ಇರುವುದು ಆ ಅಚ್ಚುಕಟ್ಟಿನಲ್ಲೇ. ಯಾವ ಸಂಖ್ಯೆಯ ಹಿಂದೆ ನಿಜವಾದ ಉಪಕರಣದ ಸಾಕ್ಷಿ ಇದೆ, ಯಾವುದನ್ನು ಮಾದರಿ ತಾನೇ ಕಟ್ಟಿಕೊಟ್ಟಿದೆ ಎಂದು ಬಿಡಿಸಿ ಹೇಳಲಾಗದವರ ಪೇಪರು ರಿವ್ಯೂನಲ್ಲಿ ಬೀಳುತ್ತದೆ, ಬೀಳಲೂಬೇಕು.

ಪೊಟ್ಟಣದೊಳಗೆ ಏನಿದೆ

ತಯಾರಿಸುವುದು ಮಧ್ಯಮಾವಧಿ ಹವಾಮಾನ ಮುನ್ಸೂಚನೆಯ ಐರೋಪ್ಯ ಕೇಂದ್ರ, ಅಂದರೆ ಇಸಿಎಂಡಬ್ಲ್ಯುಎಫ್. ಹಣ ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ಕಾರ್ಯಕ್ರಮದ್ದು. 1940ರಿಂದ ಇಂದಿನವರೆಗೆ, ಪ್ರತಿ ಗಂಟೆಗೊಂದರಂತೆ, ಇಡೀ ಭೂಮಿಗೆ. ಮಾದರಿಯ ಮೂಲ ಜಾಲ ಸುಮಾರು 31 ಕಿ.ಮೀ.ನದು. ನಮ್ಮ ಕೈಗೆ ಬರುವುದು 0.25 ಡಿಗ್ರಿಯ ಚೌಕಗಳಾಗಿ. ಲಂಬವಾಗಿ 137 ಸ್ತರಗಳಿವೆ, ಸಾಮಾನ್ಯ ಬಳಕೆಗೆ 37 ಒತ್ತಡ ಸ್ತರಗಳಲ್ಲಿ ಸಿಗುತ್ತದೆ. ಅನಿಶ್ಚಿತತೆ ಅಂದಾಜಿಸಲೆಂದು 10 ಸದಸ್ಯರ, ಅಂದರೆ ತುಸು ಬೇರೆಬೇರೆಯಾದ 10 ಮಾದರಿ ಓಟಗಳ, ಒಂದು ಗುಂಪೂ ಇದೆ, ಅದು 63 ಕಿ.ಮೀ. ಜಾಲದಲ್ಲಿ ಮೂರು ಗಂಟೆಗೊಮ್ಮೆ. ಇದರ ನೆಲದ ಆವೃತ್ತಿ ಎರಾ5-ಲ್ಯಾಂಡ್ 9 ಕಿ.ಮೀ. ಜಾಲದ್ದು, 1950ರಿಂದ ಲಭ್ಯ.

ಕೆಲಸ ಮಾಡುವ ಬಗೆ ಹೀಗೆ. 2016ರ ಸುಮಾರಿನ ಮುನ್ಸೂಚನಾ ಮಾದರಿಯೊಂದನ್ನು ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಲಾಗಿದೆ. 12 ಗಂಟೆಯ ಕಿಟಕಿಯಲ್ಲಿ ಉಪಗ್ರಹ, ಬಲೂನು, ವಿಮಾನ, ಹಡಗು, ನೆಲದ ಕೇಂದ್ರಗಳಿಂದ ಬಂದ ಅಳತೆಗಳಿಗೂ ಮಾದರಿಯ ಹಾದಿಗೂ ಇರುವ ಅಂತರವನ್ನು ಕನಿಷ್ಠಗೊಳಿಸುವ ದೊಡ್ಡ ಆಪ್ಟಿಮೈಸೇಶನ್ ಸಮಸ್ಯೆ ಬಿಡಿಸಲಾಗುತ್ತದೆ. ಫೋರ್-ಡಿ ವಾರ್ ಎನ್ನುವುದು ಇದನ್ನೇ. ಗಣಿತದಿಂದ ಬಂದವರಿಗೆ ಈ ಭಾಗ ಹಬ್ಬ: ಪೂರ್ವಾಂದಾಜಿನ ಕೋವೇರಿಯನ್ಸ್, ಅಡ್ಜಾಯಿಂಟ್ ಮಾದರಿ, ಪುನರಾವರ್ತಿತ ರೇಖೀಯೀಕರಣ ಎಲ್ಲವೂ ಇಲ್ಲಿವೆ. ದತ್ತಾಂಶ ಬಳಸುವ ಮುನ್ನ ಒಂದು ವಾರ ಇದನ್ನು ಓದಿಕೊಳ್ಳುವುದು ವ್ಯರ್ಥವಲ್ಲ. ಯಾವ ಚರಾಂಶವನ್ನು (ವೇರಿಯಬಲ್) ಎಷ್ಟು ನಂಬಬೇಕೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಯಾಕೆಂದರೆ ಎಲ್ಲ ಚರಾಂಶಗಳೂ ಒಂದೇ ದರ್ಜೆಯವಲ್ಲ. ನೆಲದಿಂದ 2 ಮೀಟರ್ ಎತ್ತರದ ಉಷ್ಣಾಂಶಕ್ಕೆ ಹವಾಮಾನ ಕೇಂದ್ರಗಳ ಅಳತೆಗಳ ಒತ್ತಾಸೆ ಇದೆ. ಸಮುದ್ರದ ಮೇಲಿನ ಗಾಳಿಗೆ ಉಪಗ್ರಹ ಮತ್ತು ತೇಲುಬುರುಡೆಗಳ ಅಳತೆ ಇದೆ. ನೆಲದ ಮೇಲಿನ 10 ಮೀಟರ್ ಗಾಳಿಗೆ ಆ ಭಾಗ್ಯವಿಲ್ಲ. ಮಳೆ ಮತ್ತು ಬಿಸಿಲಂತೂ ಅಲ್ಪಾವಧಿ ಮುನ್ಸೂಚನೆಯ ಉತ್ಪನ್ನಗಳು, 06 ಮತ್ತು 18 ಯುಟಿಸಿಗೆ (ಗ್ರೀನ್‌ವಿಚ್ ಆಧಾರಿತ ವಿಶ್ವ ಸಮಯ) ಶುರುವಾಗುವ ಮಾದರಿ ಓಟಗಳಿಂದ ಬಂದವು. ಮಳೆಮಾಪಕದ ಓದುಗಳು ನೇರವಾಗಿ ಒಳಗೆ ಹೋಗುವುದಿಲ್ಲ. ಅಮೆರಿಕದ ರಾಡಾರ್ ಮತ್ತು ಮಳೆಮಾಪಕ ಸೇರಿಸಿದ ದತ್ತಾಂಶವೊಂದು 2009ರಿಂದ ಸೇರಿರುವುದು ಇದಕ್ಕೆ ಅಪವಾದ.

ಸ್ಟೋರ್‌ನ ಅನುಭವ

ಕ್ಲೈಮೇಟ್ ಡೇಟಾ ಸ್ಟೋರ್ 2024ರ ಸೆಪ್ಟೆಂಬರ್‌ನಲ್ಲಿ ಹೊಸ ವ್ಯವಸ್ಥೆಗೆ ಬದಲಾಯಿತು. ಹಳೆಯ ಟ್ಯುಟೋರಿಯಲ್ ನೋಡಿ ಕೆಲಸ ಶುರು ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಮೊದಲು ಖಾತೆ ತೆರೆದು, ಪ್ರೊಫೈಲ್ ಪುಟದಿಂದ ಕೀ ನಕಲಿಸಿಕೊಂಡು, ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಪುಟ್ಟ ಸಂರಚನಾ ಫೈಲಿನಲ್ಲಿ ವಿಳಾಸ ಮತ್ತು ಕೀ ಎಂಬ ಎರಡು ಸಾಲು ಬರೆಯಬೇಕು. ವಿಳಾಸ ಈಗ ಎಪಿಐ ಎಂದು ಮುಗಿಯುತ್ತದೆ, ಹಿಂದಿದ್ದ ವಿ2 ಇಲ್ಲ. ಕೀಯ ಮುಂದೆ ಬಳಕೆದಾರ ಸಂಖ್ಯೆ ಮತ್ತು ವಿವರಣ ಚಿಹ್ನೆ ಹಾಕುತ್ತಿದ್ದದ್ದೂ ಹೋಯಿತು. ವಿಂಡೋಸ್ ನೋಟ್‌ಪ್ಯಾಡ್ ಫೈಲಿನ ಹೆಸರಿಗೆ ತಾನಾಗಿಯೇ ಟಿಎಕ್ಸ್‌ಟಿ ಬಾಲ ಅಂಟಿಸುತ್ತದೆ, ಆಗ ಕೀ ಸಿಗಲಿಲ್ಲ ಎಂಬ ದೂರು ಬರುತ್ತದೆ. ಎಲ್ಲ ಸರಿಯಿದ್ದೂ 403 ದೋಷ ಬಂದರೆ ಆ ದತ್ತಾಂಶದ ಪುಟದಲ್ಲಿ ಪರವಾನಗಿಯನ್ನು ಒಪ್ಪಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಪ್ರತಿ ದತ್ತಾಂಶಕ್ಕೂ ಒಮ್ಮೆ ಬ್ರೌಸರಿನಲ್ಲಿ ಹೋಗಿ ಒಪ್ಪಿಗೆ ಒತ್ತಬೇಕು, ಕೋಡಿನಿಂದ ಅದು ತಾನಾಗಿ ಆಗದು.

ಕೋರಿಕೆ ಬರೆಯುವುದನ್ನು ಬಾಯಿಪಾಠ ಮಾಡಬೇಕಿಲ್ಲ. ಪುಟದಲ್ಲಿ ಬೇಕಾದ್ದನ್ನೆಲ್ಲ ಟಿಕ್ ಮಾಡಿದರೆ ಕೆಳಗೆ ಪೈಥಾನ್ ಕೋಡು ಸಿದ್ಧವಾಗಿ ಸಿಗುತ್ತದೆ, ಅದನ್ನು ಎತ್ತಿಕೊಂಡು ವರ್ಷ, ತಿಂಗಳ ಮೇಲೆ ಲೂಪ್ ಹಾಕಿದರಾಯಿತು. ಪ್ರದೇಶದ ಮಿತಿ ಕೊಡುವ ಕ್ರಮ ಮಾತ್ರ ನೆನಪಿರಲಿ: ಉತ್ತರ, ಪಶ್ಚಿಮ, ದಕ್ಷಿಣ, ಪೂರ್ವ. ಬೇರೆ ಲೈಬ್ರರಿಗಳಲ್ಲಿ ರೂಢಿಯಾಗಿರುವ ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ ಕ್ರಮ ಇಲ್ಲಿ ನಡೆಯುವುದಿಲ್ಲ. ಕೆಲವೊಮ್ಮೆ ದೋಷವೂ ಬರದೆ ಬೇರೆಯೇ ಜಾಗದ ದತ್ತಾಂಶ ಬಂದು ಕೂರುತ್ತದೆ.

ಸರದಿ ಈ ಸೇವೆಯ ದೊಡ್ಡ ಕಿರಿಕಿರಿ. ಕೋರಿಕೆ ಸ್ವೀಕೃತವಾಗಿ ನಿಮಿಷಗಳಲ್ಲಿ ಮುಗಿಯಬಹುದು, ಗಂಟೆಗಟ್ಟಲೆ ನಿಂತೂ ಇರಬಹುದು. ಒಂದು ತಿಂಗಳಿಗೆ ಒಂದು ಕೋರಿಕೆ, ಅದರೊಳಗೆ ಬೇಕಾದ ಎಲ್ಲ ಚರಾಂಶ, ಎಲ್ಲ ಗಂಟೆ, ಇದು ಒಗ್ಗುವ ಅಳತೆ. ಒಂದೇ ಸಲಕ್ಕೆ ಹತ್ತು ವರ್ಷ ಕೇಳಿದರೆ ಕೋರಿಕೆ ತೀರಾ ದೊಡ್ಡದೆಂದು ತಿರಸ್ಕೃತವಾಗುತ್ತದೆ. ನೂರು ಚೂರು ಕೋರಿಕೆ ಒಟ್ಟಿಗೆ ಎಸೆದರೂ ಲಾಭವಿಲ್ಲ, ಒಬ್ಬ ಬಳಕೆದಾರನಿಗೆ ಏಕಕಾಲಕ್ಕೆ ಓಡುವ ಕೋರಿಕೆಗಳ ಮೇಲೆ ಮಿತಿ ಇದೆ. ಪ್ರದೇಶ ಕಿರಿದುಗೊಳಿಸಿದರೆ ಡೌನ್‌ಲೋಡ್ ಹಗುರಾಗುತ್ತದೆಯೇ ಹೊರತು ಸರದಿ ಅಷ್ಟಾಗಿ ಕರಗುವುದಿಲ್ಲ. ಸರ್ವರ್ ಹೇಗೂ ಇಡೀ ಭೂಮಿಯ ನಕ್ಷೆಯನ್ನು ಓದಿಯೇ ಕತ್ತರಿಸಬೇಕು. 137 ಮಾದರಿ ಸ್ತರಗಳ ದತ್ತಾಂಶ ಟೇಪಿನಲ್ಲಿರುವುದರಿಂದ ಅದಕ್ಕೆ ಇನ್ನೂ ತಾಳ್ಮೆ ಬೇಕು.

ಒಂದೇ ಬಿಂದುವಿಗೆ ಹತ್ತಾರು ವರ್ಷಗಳ ಸರಣಿ ಬೇಕಿದ್ದರೆ ತಿಂಗಳು ತಿಂಗಳಾಗಿ ಇಳಿಸುವುದು ಮೂರ್ಖತನ. ಅದಕ್ಕೆಂದೇ ಕಾಲಸರಣಿಯ ಪ್ರತ್ಯೇಕ ದತ್ತಾಂಶ ಈಗ ಸ್ಟೋರಿನಲ್ಲೇ ಇದೆ. ಅದರಲ್ಲಿ ಚರಾಂಶಗಳು ಕಡಿಮೆ, ಆದರೆ ಗಾಳಿ, ಉಷ್ಣಾಂಶ, ಮಳೆಯಂಥ ಮುಖ್ಯವಾದವು ಇವೆ. ಜಾರ್ (Zarr) ಎಂಬ ಕಡತ ರೂಪದಲ್ಲಿ ಕ್ಲೌಡಿನಲ್ಲಿ ಇಟ್ಟಿರುವ ಸಾರ್ವಜನಿಕ ಪ್ರತಿಯನ್ನೂ ಪೈಥಾನ್ ಲೈಬ್ರರಿಯಾದ ಎಕ್ಸ್‌ಅರೇಯಿಂದ ನೇರ ತೆರೆಯಬಹುದು.

ಡಿಸ್ಕ್ ಎಷ್ಟು ಬೇಕೆಂದು ಮೊದಲೇ ಗುಣಿಸಿಕೊಳ್ಳಿ. ಇಡೀ ಭೂಮಿಗೆ 721 ಅಕ್ಷಾಂಶ, 1440 ರೇಖಾಂಶ, ಒಟ್ಟು 10,38,240 ಬಿಂದು. ಅದಕ್ಕೆ 8,760 ಗಂಟೆ. ಒಂದು ಚರಾಂಶ, ಒಂದು ವರ್ಷಕ್ಕೇ ಸುಮಾರು 909 ಕೋಟಿ ಸಂಖ್ಯೆಗಳು, ನಾಲ್ಕು ಬೈಟಿನಂತೆ 36 ಜಿಬಿ ದಾಟುತ್ತದೆ. 5 ಡಿಗ್ರಿ ಉದ್ದ, 5 ಡಿಗ್ರಿ ಅಗಲದ ತುಣುಕಾದರೆ ಬರೀ 441 ಬಿಂದು, ವರ್ಷಕ್ಕೆ 15 ಎಂಬಿಯ ಆಸುಪಾಸು. ಲ್ಯಾಪ್‌ಟಾಪಿನಲ್ಲಿ ಪಿಎಚ್‌ಡಿ ಮುಗಿಸಬಹುದೋ ಇಲ್ಲವೋ ಎಂಬುದು ಈ ಗುಣಾಕಾರದಲ್ಲೇ ತೀರ್ಮಾನವಾಗುತ್ತದೆ.

ಇಳಿಸಿದ ಮೇಲೆ ಫೈಲು ತೆರೆದರೆ ಇನ್ನೊಂದಿಷ್ಟು ಗೊಂದಲ. ಮಳೆಯಂಥ ಸಂಚಿತ ಚರಾಂಶವನ್ನೂ ಉಷ್ಣಾಂಶದಂಥ ಕ್ಷಣಿಕ ಚರಾಂಶವನ್ನೂ ಒಟ್ಟಿಗೆ, ಹವಾಮಾನ ದತ್ತಾಂಶದ ರೂಢಿಯ ಕಡತ ರೂಪವಾದ ನೆಟ್‌ಸಿಡಿಎಫ್ ಆಗಿ ಕೇಳಿದರೆ ಬರುವುದು ಜಿಪ್, ಒಳಗೆ ಎರಡು ಫೈಲು. ಹೆಸರಿನ ಕೊನೆ ನೆಟ್‌ಸಿಡಿಎಫ್‌ನದೇ ಎಂದು ನಿಮ್ಮ ಕೋಡು ಬರೆದಿಟ್ಟಿದ್ದರೆ ತೆರೆಯುವಾಗ ಅರ್ಥವಾಗದ ದೋಷ ಬರುತ್ತದೆ. ಕಾಲದ ಅಕ್ಷದ ಹೆಸರೂ ಬದಲಾಗಿದೆ, ಟೈಮ್ ಇದ್ದದ್ದು ವ್ಯಾಲಿಡ್ ಟೈಮ್ ಆಗಿದೆ. ಅಕ್ಷಾಂಶ ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಕ್ರಮದಲ್ಲಿದೆ. ಎಕ್ಸ್‌ಅರೇಯಲ್ಲಿ 10ರಿಂದ 20 ಎಂದು ಸ್ಲೈಸ್ ಕೊಟ್ಟರೆ ದೋಷವಿಲ್ಲದೆ ಖಾಲಿ ಅರೇ ಸಿಗುತ್ತದೆ, 20ರಿಂದ 10 ಎನ್ನಬೇಕು. ಹಳೆಯ ವ್ಯವಸ್ಥೆಯಿಂದ ಇಳಿಸಿಟ್ಟ ಫೈಲುಗಳು ನಿಮ್ಮ ಲ್ಯಾಬಿನ ಸರ್ವರಿನಲ್ಲಿ ಇದ್ದರೆ ಇನ್ನೂ ಹುಷಾರು. ಅವುಗಳಲ್ಲಿ ಸಂಖ್ಯೆಗಳು 16 ಬಿಟ್‌ಗೆ ಅಮುಕಿದವು, ಅಮುಕುವ ಗುಣಕ ಪ್ರತಿ ಫೈಲಿಗೂ ಬೇರೆ. ಹತ್ತು ಫೈಲು ಜೋಡಿಸಿ ಮತ್ತೆ ಉಳಿಸಿದಾಗ ಮೊದಲ ಫೈಲಿನ ಗುಣಕವೇ ಎಲ್ಲದಕ್ಕೂ ಅಂಟಿಕೊಂಡರೆ ಅದರ ವ್ಯಾಪ್ತಿ ಮೀರಿದ ಬೆಲೆಗಳು ತಿರುಗಿ ಬಿದ್ದು ಅಸಂಬದ್ಧವಾಗುತ್ತವೆ. ಉಳಿಸುವ ಮುನ್ನ ಎನ್‌ಕೋಡಿಂಗ್ ಅಳಿಸಿ, 32 ಬಿಟ್‌ನಲ್ಲಿ ಬರೆಯಿರಿ.

ಸಂಖ್ಯೆ ಓದುವಲ್ಲಿನ ಎಡವಟ್ಟುಗಳು

ಎರಾ5ರ ಬಗ್ಗೆ ಬರುವ ಬಹುಪಾಲು ತಪ್ಪು ಫಲಿತಾಂಶಗಳಿಗೆ ದತ್ತಾಂಶ ಕಾರಣವಲ್ಲ, ಏಕಮಾನ ಮತ್ತು ಸಮಯದ ಗುರುತು ಕಾರಣ.

ಮಳೆಯಿಂದ ಶುರು ಮಾಡೋಣ. ಏಕಮಾನ ಮೀಟರ್, ಮಿಲಿಮೀಟರ್ ಅಲ್ಲ. ಎರಾ5ರ ಗಂಟೆವಾರು ಫೈಲಿನಲ್ಲಿ 07 ಎಂದು ಬರೆದಿರುವ ಬೆಲೆ 06ರಿಂದ 07ರವರೆಗೆ ಬಿದ್ದದ್ದು. ಹಾಗಾಗಿ ಒಂದು ಯುಟಿಸಿ ದಿನದ ಮಳೆ ಬೇಕಿದ್ದರೆ ಆ ದಿನದ 01ರಿಂದ ಮರುದಿನದ 00ರವರೆಗೆ ಕೂಡಬೇಕು, 00ರಿಂದ 23ರವರೆಗಲ್ಲ. ಸ್ಥಳೀಯ ದಿನ ಬೇಕಿದ್ದರೆ ಅದಕ್ಕೆ ತಕ್ಕಂತೆ ಜರುಗಿಸಬೇಕು. ಅರ್ಧ ಗಂಟೆಯ ವ್ಯತ್ಯಾಸವಿರುವ ಕಾಲವಲಯಗಳಿಗೆ ಗಂಟೆವಾರು ದತ್ತಾಂಶದಿಂದ ನಿಖರ ದಿನ ಸಿಗುವುದೇ ಇಲ್ಲ, ಯಾವ ಕಡೆಗೆ ಸರಿಸಿದಿರೆಂದು ಬರೆದಿಡಿ.

ಎರಾ5-ಲ್ಯಾಂಡ್‌ನಲ್ಲಿ ಲೆಕ್ಕವೇ ಬೇರೆ, ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿ. ಅಲ್ಲಿ ಮಳೆ 00 ಯುಟಿಸಿಯಿಂದ ಒಟ್ಟುಗೂಡುತ್ತ ಹೋಗುತ್ತದೆ. 01ರ ಬೆಲೆ ಒಂದು ಗಂಟೆಯದು, 02ರದು ಎರಡು ಗಂಟೆಯದು, ಮರುದಿನದ 00ರ ಬೆಲೆ ಹಿಂದಿನ ಇಡೀ ದಿನದ್ದು. ಇದನ್ನು ಗಂಟೆಯ ಮಳೆಯೆಂದು ತಿಳಿದು 24 ಬೆಲೆ ಕೂಡಿದರೆ, ದಿನವಿಡೀ ಒಂದೇ ಸಮನೆ ಸುರಿದ ಮಳೆಗೆ 1 ಕೂಡಿಸು 2 ಕೂಡಿಸು ಹೀಗೆ 24ರವರೆಗೆ, ಅಂದರೆ 24ರ ಬದಲು 300 ಭಾಗ ಬರುತ್ತದೆ. ಹನ್ನೆರಡೂವರೆ ಪಟ್ಟು. 10 ಮಿ.ಮೀ. ಮಳೆ 125 ಮಿ.ಮೀ. ಆಗಿ ಕೂತು, ಪ್ರವಾಹದ ಮಾದರಿ ಅದ್ಭುತ ನೆರೆಯನ್ನು ತೋರಿಸುತ್ತದೆ. ಮಳೆ ಬೆಳಗ್ಗೆಯೇ ಬಿದ್ದಿದ್ದರೆ ತಪ್ಪು ಇನ್ನೂ ದೊಡ್ಡದು, ರಾತ್ರಿ ಬಿದ್ದಿದ್ದರೆ ಚಿಕ್ಕದು, ಆದ್ದರಿಂದ ಒಂದೇ ಗುಣಕದಿಂದ ಭಾಗಿಸಿ ತಿದ್ದಲಾಗದು. ದಿನದ ಮಳೆಗೆ ಮರುದಿನದ 00ರ ಬೆಲೆಯೊಂದೇ ಸಾಕು. ಗಂಟೆಯದ್ದು ಬೇಕಿದ್ದರೆ ಹಿಂದಿನದನ್ನು ಕಳೆಯಿರಿ, 01ರದ್ದನ್ನು ಮಾತ್ರ ಇದ್ದಂತೆಯೇ ಬಿಡಿ.

ಮಾಸಿಕ ಸರಾಸರಿಯ ಫೈಲಿನಲ್ಲಿ ಮಳೆ ದಿನಕ್ಕಿಷ್ಟು ಮೀಟರ್ ಎಂದು ಇರುತ್ತದೆ. 30 ದಿನದ ತಿಂಗಳಲ್ಲಿ 300 ಮಿ.ಮೀ. ಬಿದ್ದಿದ್ದರೆ ಫೈಲು 0.01 ಎನ್ನುತ್ತದೆ. ಸಾವಿರದಿಂದ ಗುಣಿಸಿ ಆ ತಿಂಗಳ ಮಳೆ 10 ಮಿ.ಮೀ. ಎಂದು ಬರೆದರೆ ಬರಗಾಲವೇ ಬಂದಂತೆ. ಇನ್ನು ಪ್ಯಾಕಿಂಗ್‌ನಿಂದಾಗಿ ಅತಿ ಸಣ್ಣ ಋಣಾತ್ಮಕ ಮಳೆಯೂ ಕಾಣಿಸೀತು, ಸೊನ್ನೆಗೆ ಕತ್ತರಿಸಿ.

ಬಿಸಿಲಿನದು ಇನ್ನೂ ಸೂಕ್ಷ್ಮ. ಬೆಲೆ ಒಂದು ಚದರ ಮೀಟರಿಗೆ ಜೌಲ್‌ಗಳಲ್ಲಿ, ಹಿಂದಿನ ಗಂಟೆಯ ಒಟ್ಟು. 3600ರಿಂದ ಭಾಗಿಸಿದರೆ ಆ ಗಂಟೆಯ ಸರಾಸರಿ ವ್ಯಾಟ್ ಸಿಗುತ್ತದೆ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಇಳಿಜಾರಿನ ಪ್ಯಾನೆಲ್ ಮೇಲೆ ಬೀಳುವ ಬಿಸಿಲಿಗೆ ನೇರ ಕಿರಣದ ತೀವ್ರತೆ ಬೇಕು, ಅದಕ್ಕೆ ಸಮತಲದ ನೇರ ಭಾಗವನ್ನು ಸೂರ್ಯನ ಶಿರೋಕೋನದ (ನಡುನೆತ್ತಿಯಿಂದ ಎಷ್ಟು ವಾಲಿದ್ದಾನೆಂಬ ಕೋನ) ಕೊಸೈನ್‌ನಿಂದ ಭಾಗಿಸಬೇಕು. ಆ ಕೋನವನ್ನು ಫೈಲಿನ ಸಮಯಕ್ಕೇ ಲೆಕ್ಕ ಹಾಕಿದರೆ ಕೆಟ್ಟಿತು. ಸಂಖ್ಯೆ ಗಂಟೆಯ ಸರಾಸರಿ, ಕೋನ ಗಂಟೆಯ ತುದಿಯದು. ಬೆಳಗ್ಗೆ ನೇರ ಬಿಸಿಲು ಕಡಿಮೆಯಾಗಿ ಕಾಣುತ್ತದೆ. ಸಂಜೆ ಕೊಸೈನ್ ಸೊನ್ನೆಯ ಹತ್ತಿರ ಹೋಗಿ, ಭಾಗಾಕಾರ ಸಾವಿರಾರು ವ್ಯಾಟ್ ತೋರಿಸುತ್ತದೆ. ಕೋನವನ್ನು ಅರ್ಧ ಗಂಟೆ ಹಿಂದಕ್ಕೆ, ಗಂಟೆಯ ಮಧ್ಯಕ್ಕೆ ಲೆಕ್ಕ ಹಾಕಿ. ಸೂರ್ಯೋದಯ, ಸೂರ್ಯಾಸ್ತ ಬೀಳುವ ಗಂಟೆಗಳಲ್ಲಿ ಸೂರ್ಯ ಮೇಲಿದ್ದ ಅವಧಿಯಷ್ಟಕ್ಕೆ ಮಾತ್ರ ಕೊಸೈನ್‌ನ ಸರಾಸರಿ ತೆಗೆಯಿರಿ. ಪರೀಕ್ಷೆ ಸುಲಭ: ವಾತಾವರಣದ ಹೊರಗೇ ಬಿಸಿಲು ಚದರ ಮೀಟರಿಗೆ ಸುಮಾರು 1361 ವ್ಯಾಟ್. ನಿಮ್ಮ ನೇರ ಕಿರಣ ಅದನ್ನು ಮೀರಿದ್ದರೆ ತಪ್ಪು ನಿಮ್ಮದೇ.

ಗಾಳಿ ಎರಡು ಘಟಕಗಳಾಗಿ ಬರುತ್ತದೆ, ಪೂರ್ವಕ್ಕೆ ಬೀಸುವುದು ಒಂದು, ಉತ್ತರಕ್ಕೆ ಬೀಸುವುದು ಇನ್ನೊಂದು. ಮೊದಲು ವೇಗ, ಆಮೇಲೆ ಸರಾಸರಿ. ಕ್ರಮ ತಿರುಗಿಸಿದರೆ, ಅರ್ಧ ದಿನ ಪೂರ್ವಕ್ಕೆ ಸೆಕೆಂಡಿಗೆ 6 ಮೀಟರ್, ಇನ್ನರ್ಧ ದಿನ ಪಶ್ಚಿಮಕ್ಕೆ ಅಷ್ಟೇ ಬೀಸಿದ ದಿನ ಗಾಳಿಯೇ ಇರಲಿಲ್ಲವೆಂದು ಬರುತ್ತದೆ. ಸರಾಸರಿ ವೇಗದ ಘನವನ್ನು ಶಕ್ತಿಯ ಲೆಕ್ಕಕ್ಕೆ ಬಳಸುವುದೂ ಅಷ್ಟೇ ತಪ್ಪು: ರೇಲಿ ವಿತರಣೆಯಲ್ಲಿ ಘನದ ಸರಾಸರಿ ಸರಾಸರಿಯ ಘನಕ್ಕಿಂತ 1.91 ಪಟ್ಟು. ಎತ್ತರಕ್ಕೆ ಏರಿಸುವಾಗ 10 ಮತ್ತು 100 ಮೀಟರಿನ ವೇಗ ಎರಡೂ ಇರುವುದರಿಂದ ಪುಸ್ತಕದ ಏಳನೇ ಒಂದರ ಘಾತಾಂಕ ಬಳಸಬೇಕಿಲ್ಲ. 10 ಮೀಟರಿನಲ್ಲಿ 4, 100 ಮೀಟರಿನಲ್ಲಿ 6 ಇದ್ದರೆ ಘಾತಾಂಕ 0.176, 120 ಮೀಟರಿನ ಟರ್ಬೈನಿಗೆ ವೇಗ 6.2.

ನೆಲಮಟ್ಟದ ಸಾಪೇಕ್ಷ ತೇವಾಂಶ ನೇರವಾಗಿ ಸಿಗುವುದಿಲ್ಲ, ಇಬ್ಬನಿ ಬಿಂದು ಮತ್ತು ಉಷ್ಣಾಂಶದಿಂದ ಲೆಕ್ಕ ಹಾಕಬೇಕು, ಅದನ್ನೂ ಗಂಟೆಗಂಟೆಗೆ. ಆವಿಯಾಗುವಿಕೆ ಋಣಾತ್ಮಕವಾಗಿ ಬರುತ್ತದೆ, ಕೆಳಮುಖ ಹರಿವು ಧನಾತ್ಮಕ ಎಂಬ ರೂಢಿ ಇದು. ಫೈಲಿನಲ್ಲಿರುವ ಸಂಭಾವ್ಯ ಆವಿಯಾಗುವಿಕೆಯನ್ನು ನೀರಾವರಿ ಲೆಕ್ಕಕ್ಕೆ ಎತ್ತಿಕೊಳ್ಳಬೇಡಿ. ಪೆನ್‌ಮನ್-ಮಾಂಟೀತ್ ಸೂತ್ರವನ್ನು ಉಷ್ಣಾಂಶ, ಗಾಳಿ, ಬಿಸಿಲು, ಇಬ್ಬನಿ ಬಿಂದು ಹಾಕಿ ನೀವೇ ಓಡಿಸಿದರೆ ಏನು ಲೆಕ್ಕ ಹಾಕಿದಿರೆಂದಾದರೂ ಗೊತ್ತಿರುತ್ತದೆ.

ದತ್ತಾಂಶದ್ದೇ ದೋಷಗಳು

ಬೆಟ್ಟಗಾಡು ಎರಾ5ರ ದೊಡ್ಡ ಸೋಲು. 31 ಕಿ.ಮೀ. ಜಾಲದಲ್ಲಿ ಶಿಖರ, ಕಣಿವೆ ಎಲ್ಲ ನುಣುಪಾಗಿ ಮಟ್ಟವಾಗುತ್ತವೆ. ಏಣಿನ ಮೇಲೆ ಗಾಳಿ ಚುರುಕಾಗುವುದು ಅದಕ್ಕೆ ಕಾಣದು, ಹಾಗಾಗಿ ಗುಡ್ಡದ ಪವನ ಕ್ಷೇತ್ರಗಳಲ್ಲಿ ವೇಗ ಕಡಿಮೆ ಬರುತ್ತದೆ. ವೇಗ ಶೇ 10 ಕಡಿಮೆ ಬಂದರೆ ಶಕ್ತಿ ಶೇ 27 ಕಡಿಮೆಯಾಗುವುದರಿಂದ ಇದು ಸಣ್ಣ ವಿಷಯವಲ್ಲ. 250 ಮೀಟರ್ ಜಾಲದ ಗ್ಲೋಬಲ್ ವಿಂಡ್ ಅಟ್ಲಾಸ್‌ನ ಸರಾಸರಿಗೆ ಹೊಂದಿಸಿ ತಿದ್ದುವುದು ರೂಢಿ, ಆದರೆ ಅದು ಸರಾಸರಿಯನ್ನಷ್ಟೇ ಸರಿಮಾಡುತ್ತದೆ, ಹಗಲು-ರಾತ್ರಿಯ ಏರಿಳಿತವನ್ನಲ್ಲ. ಉಷ್ಣಾಂಶಕ್ಕೆ ಎತ್ತರದ ತಿದ್ದುಪಡಿ ಸುಲಭ: ಜಿಯೋಪೊಟೆನ್ಶಿಯಲ್ ಅನ್ನು 9.80665ರಿಂದ ಭಾಗಿಸಿದರೆ ಮಾದರಿ ಆ ಚೌಕಕ್ಕೆ ಅಂದುಕೊಂಡ ಎತ್ತರ ಸಿಗುತ್ತದೆ. ಅದು 400 ಮೀಟರ್, ನಿಜ ಸ್ಥಳ 1100 ಮೀಟರ್ ಇದ್ದರೆ, ಕಿ.ಮೀ.ಗೆ 6.5 ಡಿಗ್ರಿಯಂತೆ ನಾಲ್ಕೂವರೆ ಡಿಗ್ರಿಯಷ್ಟು ಇಳಿಸಬೇಕು. ಕರಾವಳಿಯಲ್ಲಿ ಹತ್ತಿರದ ಬಿಂದು ಸಮುದ್ರದ್ದಾಗಿರಬಹುದು, ನೆಲ-ಜಲ ಮುಖವಾಡದ (ಚೌಕದಲ್ಲಿ ನೆಲದ ಪಾಲೆಷ್ಟೆಂದು ಹೇಳುವ ಚರಾಂಶ) ಬೆಲೆ 0.5 ಮೀರಿದ ಬಿಂದುವನ್ನೇ ಆರಿಸಿ.

ಮಳೆಯಲ್ಲಿ ಸೋನೆ ಹೆಚ್ಚು, ಜಡಿಮಳೆ ಕಡಿಮೆ. ನಿಜದಲ್ಲಿ ಒಣಗಿದ್ದ ದಿನಗಳಲ್ಲೂ ಅರ್ಧ ಮಿ.ಮೀ. ಸುರಿಸಿಬಿಡುತ್ತದೆ. ಒಣದಿನಗಳನ್ನು ಎಣಿಸುವ ಯಾವುದೇ ಸೂಚ್ಯಂಕಕ್ಕೆ 1 ಮಿ.ಮೀ.ನ ಮಿತಿ ಹಾಕದೆ ಇದನ್ನು ಬಳಸಬಾರದು. ಚಂಡಮಾರುತದ ಗಾಳಿ ನಿಜಕ್ಕಿಂತ ದುರ್ಬಲ. ಉಷ್ಣವಲಯದ ಸಾಗರದ ಮೇಲಿನ ಗಾಳಿಯಲ್ಲಿ 09 ಮತ್ತು 10 ಯುಟಿಸಿ ನಡುವೆ ಒಂದು ಕೃತಕ ಜಿಗಿತ ಕಾಣುತ್ತದೆ: ಅಳತೆಗಳನ್ನು ಬೆಸೆಯುವ 12 ಗಂಟೆಯ ಒಂದು ಅಸಿಮಿಲೇಶನ್ ಕಿಟಕಿ ಮುಗಿದು ಇನ್ನೊಂದು ಶುರುವಾಗುವ ಗಳಿಗೆ ಅದು. ದಿನಚರಿಯ ಏರಿಳಿತದ ಮೇಲೆ ಪೇಪರು ಬರೆಯುವವರು ಅದನ್ನು ಭೌತಶಾಸ್ತ್ರವೆಂದುಕೊಳ್ಳಬಾರದು. 2000ದಿಂದ 2006ರವರೆಗಿನ ವಾಯುಮಂಡಲದ ಮೇಲ್‌ಸ್ತರದ ಉಷ್ಣಾಂಶ ತಂಪಾಗಿ ಬಂದದ್ದನ್ನು ಎರಾ5.1 ಎಂಬ ಬದಲಿ ಸರಣಿಯಲ್ಲಿ ಸರಿಪಡಿಸಿದ್ದಾರೆ, ಆ ಎತ್ತರದಲ್ಲಿ ಕೆಲಸ ಮಾಡುವವರು ಅದನ್ನೇ ಬಳಸಬೇಕು.

ಸುಸ್ಥಿರತೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದ ಕೊರತೆಯೊಂದಿದೆ. ಮಾದರಿಯಲ್ಲಿ ನಗರವಿಲ್ಲ, ನೀರಾವರಿಯಿಲ್ಲ, ನೆಲದ ಹೊದಿಕೆ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಹತ್ತು ವರ್ಷದಲ್ಲಿ ಕಾಡು ಕಡಿದು ಊರಾದರೂ ಎರಾ5ಗೆ ಅದು ಕಾಡೇ. ನಗರದ ಬಿಸಿ, ಅರಣ್ಯನಾಶದ ಪರಿಣಾಮ ಅಳೆಯಲು ಇದನ್ನು ಬಳಸುವ ಪ್ರಸ್ತಾವಗಳು ಬರುತ್ತಲೇ ಇರುತ್ತವೆ. ಮಾದರಿಯಲ್ಲಿ ಇಲ್ಲದ್ದನ್ನು ಯಾವ ನ್ಯೂರಲ್ ನೆಟ್‌ವರ್ಕೂ ಹೊರತೆಗೆಯಲಾರದು.

ದೀರ್ಘಾವಧಿ ಪ್ರವೃತ್ತಿ ಎಳೆಯುವ ಮುನ್ನ ಈ ಎರಡು ಸಂಖ್ಯೆ ನೋಡಿ: 1979ರಲ್ಲಿ ದಿನಕ್ಕೆ ಒಳಹೋಗುತ್ತಿದ್ದ ಅಳತೆಗಳು ಸುಮಾರು 7.5 ಲಕ್ಷ, 2018ರ ಕೊನೆಗೆ ಸುಮಾರು 2.4 ಕೋಟಿ. ಉಪಗ್ರಹಗಳಿಗೆ ಮುಂಚಿನ ದಕ್ಷಿಣಾರ್ಧ ಗೋಳದ ದತ್ತಾಂಶ ಬಹುಮಟ್ಟಿಗೆ ಮಾದರಿಯ ಊಹೆ. 1940ರಿಂದ ಒಂದೇ ಗೆರೆ ಎಳೆದರೆ ಹವಾಗುಣ ಬದಲಾದದ್ದೂ ಉಪಕರಣ ಬದಲಾದದ್ದೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಹತ್ತು ಸದಸ್ಯರ ಗುಂಪಿನ ಹರವು ಇದಕ್ಕೆ ರಕ್ಷೆಯಲ್ಲ. ಅದು ಯಾದೃಚ್ಛಿಕ ದೋಷದ ಅಂದಾಜು, ಎಲ್ಲ ಸದಸ್ಯರಿಗೂ ಸಮಾನವಾದ ವ್ಯವಸ್ಥಿತ ದೋಷ ಅದರಲ್ಲಿ ಕಾಣುವುದಿಲ್ಲ.

ಡೇಟಾ ಸೈನ್ಸ್‌ನವರಿಗೆ ಬೇರೆಯೇ ಎಚ್ಚರಿಕೆ

ಮೆಷಿನ್ ಲರ್ನಿಂಗ್‌ನಿಂದ ಬಂದವರು ತರುವ ಕೆಟ್ಟ ಅಭ್ಯಾಸವೆಂದರೆ ಸಾಲುಗಳನ್ನು ಕಲಸಿ ಶೇ 80 ತರಬೇತಿಗೆ, ಶೇ 20 ಪರೀಕ್ಷೆಗೆ ಇಡುವುದು. ಇಂದು ಮಧ್ಯಾಹ್ನ ಎರಡು ಗಂಟೆಯ ಉಷ್ಣಾಂಶ ತರಬೇತಿಯಲ್ಲಿ, ಮೂರು ಗಂಟೆಯದು ಪರೀಕ್ಷೆಯಲ್ಲಿ ಇದ್ದರೆ ಮಾದರಿ ಕಲಿಯಬೇಕಾದ್ದೇನೂ ಉಳಿಯಲಿಲ್ಲ. ಪಕ್ಕದ ಚೌಕಗಳಿಗೂ ಇದೇ ಮಾತು. ಇಡೀ ವರ್ಷಗಳನ್ನು, ಇಡೀ ಪ್ರದೇಶಗಳನ್ನು ಬ್ಲಾಕಾಗಿ ಬದಿಗಿಟ್ಟು ಪರೀಕ್ಷಿಸಿ. ಅಂಕ ಕುಸಿಯುತ್ತದೆ, ಆ ಕುಸಿದ ಅಂಕವೇ ನಿಜ. ವಿಶ್ವಾಸಾಂತರಕ್ಕೂ ಇದು ತಗಲುತ್ತದೆ: ಅಕ್ಕಪಕ್ಕದ ಗಂಟೆಗಳ ಸಹಸಂಬಂಧ 0.9 ಇದ್ದರೆ, ಮೊದಲ ಕ್ರಮದ ಸ್ವಹಿನ್ನಡೆ (ಆಟೋರಿಗ್ರೆಶನ್) ಮಾದರಿಯಲ್ಲಿ, 8,760 ಗಂಟೆಗಳು ಸುಮಾರು 461 ಸ್ವತಂತ್ರ ಸ್ಯಾಂಪಲ್‌ಗಳಿಗೆ ಸಮ. ಹತ್ತೊಂಬತ್ತರಲ್ಲಿ ಒಂದು ಪಾಲು. ದೊಡ್ಡ ಪ್ರದೇಶದ ಸರಾಸರಿಗೆ ಅಕ್ಷಾಂಶದ ಕೊಸೈನ್ ತೂಕ ಹಾಕುವುದೂ ಮರೆತುಹೋಗುವ ಕೆಲಸ. 60 ಡಿಗ್ರಿಯಲ್ಲಿ ಚೌಕದ ವಿಸ್ತೀರ್ಣ ಸಮಭಾಜಕದ ಚೌಕದ ಅರ್ಧ ಮಾತ್ರ.

2023ರಲ್ಲಿ ಹೆಸರು ಮಾಡಿದ ಗ್ರಾಫ್‌ಕಾಸ್ಟ್, ಪಾಂಗು-ವೆದರ್‌ನಂಥ ಮುನ್ಸೂಚನಾ ಮಾದರಿಗಳು ತರಬೇತಿ ಪಡೆದದ್ದು ಎರಾ5ರ 1979ರಿಂದ 2017ರ ದತ್ತಾಂಶದ ಮೇಲೆ. ಅಂಥದ್ದನ್ನು ಸೌರ ವಿದ್ಯುತ್ತಿಗೋ ಬೆಳೆ ಯೋಜನೆಗೋ ಜೋಡಿಸಿ, ಮತ್ತೆ ಎರಾ5ಗೇ ಹೋಲಿಸಿ ನಿಖರತೆ ಘೋಷಿಸಿದರೆ ಎರಡಕ್ಕೂ ಸಮಾನವಾದ ದೋಷ ಲೆಕ್ಕದಿಂದ ಜಾರಿಹೋಗುತ್ತದೆ. ತಾಳೆಗೆ ಬೇರೆ ಮೂಲ ಬೇಕು: ಕೇಂದ್ರದ ಅಳತೆ, ಟರ್ಬೈನಿನ ಉತ್ಪಾದನಾ ದಾಖಲೆ, ಮಳೆಮಾಪಕ. ಕೆಲವೇ ಕೇಂದ್ರಗಳಾದರೂ ಸರಿ. ಈ ಕ್ಷೇತ್ರದಲ್ಲಿ ಗಣಿತಜ್ಞರಿಗೆ ನಿಜವಾದ ಕೆಲಸ ಸಿಗುವುದೂ ಅಲ್ಲೇ. ವಿರಳ ಅಳತೆ ಮತ್ತು ದಟ್ಟ ಮಾದರಿಯನ್ನು ಬೆಸೆಯುವುದು, ಪಕ್ಷಪಾತ ತಿದ್ದುವಾಗ ವಿಪರೀತಗಳ ಬಾಲ ಕೆಡದಂತೆ ನೋಡಿಕೊಳ್ಳುವುದು, ಆ ಅನಿಶ್ಚಿತತೆಯನ್ನು ಆಪ್ಟಿಮೈಸೇಶನ್‌ವರೆಗೆ ಸಾಗಿಸುವುದು, ಇವು ಇನ್ನೂ ತೆರೆದ ಸಮಸ್ಯೆಗಳು. ಇನ್ನೊಂದು ನೆಟ್‌ವರ್ಕನ್ನು ಎರಾ5 ಮೇಲೆ ಓಡಿಸಿ ಅಂಕ ತೋರಿಸುವ ಪೇಪರುಗಳ ಸಂತೆ ಆಗಲೇ ತುಂಬಿದೆ.

ಬದಲಿಗಳು

ಎರಾ5ರಂಥದೇ ನಾಸಾದ ದತ್ತಾಂಶ ಮೆರಾ-2 1980ರಿಂದ ಇದೆ, ಜಾಲ 0.5 ಮತ್ತು 0.625 ಡಿಗ್ರಿ. ಎರಾ5ರ ಫಲಿತಾಂಶ ಒಂದೇ ಮಾದರಿಯ ಚಾಳಿಯಲ್ಲ ಎಂದು ತೋರಿಸಲು ಎರಡನೆಯದಾಗಿ ಬೇಕೇ ಬೇಕು. ಬರೀ ಮಳೆಯ ಕೆಲಸಕ್ಕೆ 1981ರಿಂದ ಲಭ್ಯವಿರುವ, ಮಳೆಮಾಪಕ ಸೇರಿಸಿದ, 0.05 ಡಿಗ್ರಿಯ ಚರ್ಪ್ಸ್ ಅಥವಾ ಅರ್ಧ ಗಂಟೆಗೊಮ್ಮೆ ಸಿಗುವ ಐಮರ್ಜ್ ಮೇಲು. ಚರ್ಪ್ಸ್‌ನ ಎರಡನೇ ಆವೃತ್ತಿ 50 ಡಿಗ್ರಿ ಉತ್ತರ-ದಕ್ಷಿಣದೊಳಗಿನ ನೆಲಕ್ಕೆ ಮಾತ್ರ. ಪೈಪ್‌ಲೈನ್ ಕಟ್ಟುವ ಗೋಜು ಬೇಡ, ಒಂದು ಸ್ಥಳದ ದಿನವಾರು ಅಂದಾಜು ಸಾಕು ಎನ್ನುವವರಿಗೆ ನಾಸಾ ಪವರ್ ಸೇವೆ ಹೆಚ್ಚು ಸಲೀಸು.

ಪೇಪರಿನಲ್ಲಿ ಏನು ಬರೆಯಬೇಕು

ವಿಧಾನ ವಿಭಾಗದಲ್ಲಿ ಬರೀ ಎರಾ5 ಬಳಸಿದ್ದೇವೆ ಎಂದರೆ ಸಾಲದು. ಎರಾ5ರದೋ ಎರಾ5-ಲ್ಯಾಂಡ್‌ನದೋ, ಯಾವ ಚರಾಂಶ, ಗಂಟೆಯದೋ ಮಾಸಿಕದ್ದೋ, ಯಾವ ದಿನ ಇಳಿಸಿದ್ದು, ಸಂಚಿತ ಬೆಲೆಯನ್ನು ಹೇಗೆ ಬಿಡಿಸಿದಿರಿ, ಹತ್ತಿರದ ಬಿಂದುವೋ ಬೈಲೀನಿಯರ್ ಇಂಟರ್‌ಪೊಲೇಶನ್ನೋ ಎಂಬಿಷ್ಟು ಇರಲಿ. ದತ್ತಾಂಶದ ಡಿಒಐ (ಶಾಶ್ವತ ಗುರುತು ಸಂಖ್ಯೆ) ಕೊಡಿ, 2020ರಲ್ಲಿ ಹ್ಯಾನ್ಸ್ ಹರ್ಸ್‌ಬಾಖ್ ಮತ್ತು ಸಂಗಡಿಗರು ಪ್ರಕಟಿಸಿದ ಮೂಲ ಪ್ರಬಂಧವನ್ನು ಉಲ್ಲೇಖಿಸಿ, ಕೋಪರ್ನಿಕಸ್‌ಗೆ ಶ್ರೇಯ ಸಲ್ಲಿಸಿ. ಪರವಾನಗಿ ಕೇಳುವುದೂ ಅದನ್ನೇ. ಕೋರಿಕೆಯ ಕೋಡನ್ನು ಫಲಿತಾಂಶದ ಕೋಡಿನ ಜೊತೆಗೇ ಇಡಿ. ಇಳಿಸಿದ ಫೈಲು ಕಳೆದುಹೋದರೆ ಮತ್ತೆ ತರಬಹುದು, ಏನನ್ನು ಕೇಳಿದ್ದೆವೆಂದು ಮರೆತರೆ ಕಷ್ಟ.

ಕೊನೆಯ ತಿಂಗಳುಗಳ ಬಗ್ಗೆ ಒಂದು ಮಾತು. ಈ ಹೊತ್ತಿಗೆ ಸುಮಾರು ಐದು ದಿನ ಹಿಂದಿನವರೆಗಿನ ದತ್ತಾಂಶ ಸಿಗುತ್ತದೆಯಾದರೂ ಅದು ಎರಾ5ಟಿ ಎಂಬ ತಾತ್ಕಾಲಿಕ ಆವೃತ್ತಿ. ಅಂತಿಮ ಆವೃತ್ತಿ ಬರುವುದು ಎರಡು-ಮೂರು ತಿಂಗಳ ನಂತರ. ಫೈಲಿನೊಳಗಿನ ಎಕ್ಸ್‌ಪ್‌ವರ್ ಗುರುತು 1 ಇದ್ದರೆ ಅಂತಿಮ, 5 ಇದ್ದರೆ ತಾತ್ಕಾಲಿಕ. ಸಾಮಾನ್ಯವಾಗಿ ಎರಡರ ನಡುವೆ ವ್ಯತ್ಯಾಸ ಇರುವುದಿಲ್ಲ, ಆದರೂ ಪ್ರಕಟಣೆಗೆ ಹೋಗುವ ಸರಣಿಯನ್ನು 5ರ ಗುರುತು ಶುರುವಾಗುವ ಮುಂಚಿನ ತಿಂಗಳಿಗೆ ನಿಲ್ಲಿಸಿ.